ಶಾನುಭೋಗರಿಗೊಂದು ಬಾಗಿಲು

ಮನೆ ಕಟ್ಟಿಸುವಾಗ ಎಂಜಿನಿಯರಿಗೆ ಬೆಕ್ಕಿನ ವಿಚಾರ ಯಾರೂ ಹೇಳುವುದಿಲ್ಲ. ದೇವರಮನೆ ಈಶಾನ್ಯಕ್ಕೆ ಬರಲಿ, ಅಡುಗೆಮನೆ ಆಗ್ನೇಯಕ್ಕಿರಲಿ, ಕಾರಿಗೆ ಜಾಗ ಬಿಡಿ, ಮೇಲೊಂದು ಬಾಡಿಗೆಗೆ ಆಗುವ ಹಾಗೆ ಮೆಟ್ಟಿಲು ಹೊರಗಿನಿಂದ ಹೋಗಲಿ ಎಂದು ನಕ್ಷೆಯ ಮೇಲೆ ಬೆರಳಾಡಿಸಿ ಹೇಳುವವರು, ಬೆಕ್ಕು ಎಲ್ಲಿಂದ ಓಡಾಡಬೇಕು ಎಂದು ವಿಚಾರಿಸಿದ್ದನ್ನು ನಾನಂತೂ ಕಂಡಿಲ್ಲ. ಹಿಂದೆ ವಿಚಾರಿಸುವ ಅಗತ್ಯವೂ ಇರಲಿಲ್ಲ. ಬೆಕ್ಕು ತನ್ನ ದಾರಿ ತಾನು ನೋಡಿಕೊಳ್ಳುತ್ತಿತ್ತು. ಮನೆಗಳೂ ಅಷ್ಟು ಸಡಿಲವಾಗಿರುತ್ತಿದ್ದವು.

ನಮ್ಮದು ಬನಶಂಕರಿ ಎರಡನೇ ಹಂತ. ಮಾವನವರಿಗೆ ನಿವೇಶನ ಕೊಟ್ಟದ್ದು ಸಿಐಟಿಬಿ. ಅವರು ದುಡ್ಡು ಹೊಂದಿಸಿಕೊಂಡು ಪಾಯ ತೆಗೆಸುವ ಹೊತ್ತಿಗೆ, 1976ರಲ್ಲಿ, ಆ ಬೋರ್ಡು ಹೋಗಿ ಬಿಡಿಎ ಬಂದಿತ್ತು. ರೆಡ್ ಆಕ್ಸೈಡ್ ನೆಲ, ಪ್ರತಿ ಬಾಗಿಲ ತಲೆಯ ಮೇಲೂ ದಾರ ಎಳೆದರೆ ತಿರುಗುವ ಗಾಜಿನ ವೆಂಟಿಲೇಟರು, ಬಚ್ಚಲಲ್ಲಿ ಹಂಡೆಯೊಲೆ, ಅದರ ಹೊಗೆ ಹೋಗಲು ಗೋಡೆಯಲ್ಲೊಂದು ಕಿಂಡಿ, ಅಡುಗೆಮನೆಯ ಮೂಲೆಯಲ್ಲಿ ಪಾತ್ರೆ ತೊಳೆಯುವ ಮೋರಿ. ವೆಂಟಿಲೇಟರಿನ ದಾರ ಒಮ್ಮೆ ಕಿತ್ತುಹೋಯಿತೆಂದರೆ ಆಮೇಲೆ ಅದು ಅರ್ಧಕ್ಕೇ ನಿಲ್ಲುತ್ತಿತ್ತು, ಮುಚ್ಚುವ ಮಾತೇ ಇಲ್ಲ. ನಾನು ಸೊಸೆಯಾಗಿ ಬಂದ ಕಾಲಕ್ಕೆ ಆ ಮನೆಯಲ್ಲಿ ಬೆಕ್ಕು ಎಲ್ಲಿಂದ ಒಳಗೆ ಬರುತ್ತದೆ ಎಂಬುದು ಯಾರಿಗೂ ಒಂದು ಪ್ರಶ್ನೆಯಾಗಿರಲಿಲ್ಲ. ಬಂದಿರುತ್ತಿತ್ತು, ಅಷ್ಟೆ. ಒಂದು ತಲೆಮಾರಿನ ಬೆಕ್ಕು ತೀರಿಕೊಂಡರೆ ಅದರ ಮರಿಯೋ ಮೊಮ್ಮರಿಯೋ ಅದೇ ವೆಂಟಿಲೇಟರಿನಿಂದ ಇಳಿದು ಅದೇ ತಟ್ಟೆಯ ಮುಂದೆ ಕೂರುತ್ತಿತ್ತು.

ಇವರು ನಿವೃತ್ತರಾದ ಮೇಲೆ ಬಂದ ಹಣದಲ್ಲಿ ಒಂದು ಪಾಲು ಮನೆ ರಿಪೇರಿಗೆ ಹೋಯಿತು. ಮರದ ಕಿಟಕಿಗಳು ಹೋಗಿ ಯುಪಿವಿಸಿ ಬಂದವು, ಒಂದೊಂದಕ್ಕೂ ಸೊಳ್ಳೆ ಮೆಶ್. ವೆಂಟಿಲೇಟರುಗಳನ್ನು ಇಟ್ಟಿಗೆ ಇಟ್ಟು ಮುಚ್ಚಿ ಪ್ಲಾಸ್ಟರ್ ಮಾಡಿಸಿದ್ದಾಯಿತು. ಮೋರಿಯ ಜಾಗಕ್ಕೆ ಗ್ರಾನೈಟು, ಹಂಡೆಯೊಲೆಯ ಜಾಗಕ್ಕೆ ಗೀಸರು. ಕೆಲಸ ಮುಗಿದ ದಿನ ಇವರು ಎಲ್ಲ ಬಾಗಿಲು ಕಿಟಕಿ ಹಾಕಿ ಹಾಲಿನ ನಡುವೆ ನಿಂತು, "ನೋಡು, ರಿಂಗ್ ರೋಡಿನ ಸದ್ದು ಒಂಚೂರಾದ್ರೂ ಕೇಳ್ತಿದೆಯಾ?" ಎಂದರು. ಕೇಳುತ್ತಿದ್ದ ಸದ್ದು ಒಂದೇ. ಹಿತ್ತಲ ಬಾಗಿಲಿನಾಚೆ ಶಾನುಭೋಗರು ಕೂಗುತ್ತಿದ್ದರು.

ಶಾನುಭೋಗರು ನಮ್ಮ ಬೆಕ್ಕು. ಹೆಸರಿಟ್ಟವರು ಅತ್ತೆ. ಅವರ ತಂದೆ ಹಾಸನದ ಕಡೆಯ ಹಳ್ಳಿಯಲ್ಲಿ ಶಾನುಭೋಗಿಕೆ ಮಾಡಿದವರು. 1961ರ ಕಾಯ್ದೆ ಬಂದು ವಂಶಪಾರಂಪರ್ಯದ ಆ ಹುದ್ದೆಗಳೆಲ್ಲ ರದ್ದಾಗುವವರೆಗೆ ಊರಿನ ದಫ್ತರು ಅವರ ಮನೆಯ ಗಂಟಿನಲ್ಲೇ ಇತ್ತಂತೆ. ಈ ಬೂದು ಬಣ್ಣದ ಬೆಕ್ಕು ಬೆಳಗಾದರೆ ಕಾಂಪೌಂಡಿನ ಮೇಲೆ ನಾಲ್ಕೂ ದಿಕ್ಕು ಸುತ್ತಿ, ಮೂಲೆ ಮೂಲೆಯಲ್ಲಿ ನಿಂತು ಮೂಸಿ, ಪಕ್ಕದವರ ತೆಂಗಿನ ಗರಿ ನಮ್ಮ ಕಡೆ ಎಷ್ಟು ಬಾಗಿದೆ ಎಂದು ದಿಟ್ಟಿಸಿ ನೋಡಿ, ಆಮೇಲಷ್ಟೇ ತಿಂಡಿಗೆ ಬರುವುದನ್ನು ಕಂಡು ಅವರಿಗೆ ತಂದೆಯ ನೆನಪಾಯಿತು. ಹಾಗಾಗಿ ಮನೆಯಲ್ಲಿ ಅದಕ್ಕೆ ಬಹುವಚನ.

ರಿಪೇರಿಯ ನಂತರ ಈ ಬಹುವಚನದವರ ಚಾಕರಿ ಇವರ ಪಾಲಿಗೆ ಬಂತು. ನಡುರಾತ್ರಿ ಹೊರಗೆ ಹೋಗಬೇಕು, ಎದ್ದು ಚಿಲಕ ತೆಗೆಯಬೇಕು. ಹಾಸಿಗೆ ಬೆಚ್ಚಗಾಗುವುದರೊಳಗೆ ಒಳಗೆ ಬರಬೇಕು, ಮತ್ತೆ ಚಿಲಕ. ಬಾಗಿಲು ತೆಗೆದರೆ ಒಳಗೂ ಬರದೆ ಹೊರಗೂ ಹೋಗದೆ ಹೊಸ್ತಿಲ ಮೇಲೆ ಕೂತು ಪಾದ ನೆಕ್ಕಿಕೊಳ್ಳುವುದೂ ಉಂಟು. ಬ್ಯಾಂಕಿನಲ್ಲಿ ಜೋನಲ್ ಆಫೀಸಿನವರೆಗೆ ಹೋಗಿ ನಿವೃತ್ತರಾದ ಮನುಷ್ಯ ಟಾಕೀಸಿನ ಗೇಟ್‌ಕೀಪರಿನ ಹಾಗೆ ಪಂಚೆ ಎತ್ತಿ ಕಟ್ಟಿಕೊಂಡು ಕಾದು ನಿಲ್ಲುತ್ತಿದ್ದರು. ಆಗ ಮಗಳು ಹೇಳಿದಳು: "ಅಪ್ಪಾ, ಪೆಟ್ ಡೋರ್ ಹಾಕ್ಸಿ."

ಅತ್ತೆಗೆ ಇದು ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, "ಇದ್ದ ತೂತೆಲ್ಲ ದುಡ್ಡು ಕೊಟ್ಟು ಮುಚ್ಚಿಸಿ, ಈಗ ದುಡ್ಡು ಕೊಟ್ಟು ತೂತು ಕೊರೆಸೋದಾ?" ಎಂದರು. ಆ ಪ್ರಶ್ನೆಗೆ ಉತ್ತರ ಕೊಡಬಲ್ಲವರು ನಮ್ಮಲ್ಲಿ ಯಾರೂ ಇರಲಿಲ್ಲ.

ಇವರು ಏನನ್ನು ಮಾಡಹೊರಟರೂ ಮೊದಲು ಓದುತ್ತಾರೆ. ಬೆಕ್ಕಿನ ಬಾಗಿಲಿನ ಬಗ್ಗೆಯೂ ಓದಿದರು. ಬೆಕ್ಕಿಗೆ ಬಾಗಿಲು ಕೊರೆಸಿದ ಮೊದಲಿಗ ಐಸಾಕ್ ನ್ಯೂಟನ್ ಎಂಬ ಕಥೆಯನ್ನು ನಾವೆಲ್ಲ ಶಾಲೆಯಲ್ಲೇ ಕೇಳಿದ್ದೇವೆ: ದೊಡ್ಡ ಬೆಕ್ಕಿಗೊಂದು ದೊಡ್ಡ ತೂತು, ಮರಿಗಳಿಗೊಂದು ಚಿಕ್ಕ ತೂತು, ಅಷ್ಟು ದೊಡ್ಡ ಬುದ್ಧಿವಂತನಿಗೆ ಒಂದರಲ್ಲೇ ಎರಡೂ ಹೋಗಬಹುದೆಂದು ಹೊಳೆಯಲಿಲ್ಲ ಎಂದು ಮೇಷ್ಟರು ನಗಿಸುತ್ತಿದ್ದರು. ಈ ಕಥೆ ಅಚ್ಚಿನಲ್ಲಿ ಕಾಣಿಸುವುದು 1827ರ ಪುಸ್ತಕವೊಂದರಲ್ಲಿ, ನ್ಯೂಟನ್ ಸತ್ತು ನೂರು ವರ್ಷವಾದ ಮೇಲೆ. ಅವನ ಹತ್ತಿರ ಲಿಪಿಕಾರನಾಗಿದ್ದ ಹಂಫ್ರಿ ನ್ಯೂಟನ್ ಎಂಬಾತ, ಆ ಕೋಣೆಯಲ್ಲಿ ನಾಯಿಯೂ ಇರಲಿಲ್ಲ ಬೆಕ್ಕೂ ಇರಲಿಲ್ಲ ಎಂದು ಬರೆದಿಟ್ಟಿದ್ದಾನೆ. ಪಾಪದ ನ್ಯೂಟನ್! ತಲೆಯ ಮೇಲೆ ಸೇಬನ್ನೂ ಬೀಳಿಸಿದರು, ಇಲ್ಲದ ಬೆಕ್ಕನ್ನೂ ಸಾಕಿಸಿದರು.

ನಿಜವಾದ ಕಿಂಡಿ ಅವನಿಗಿಂತ ಹಳೆಯದು. ಇಂಗ್ಲೆಂಡಿನ ಎಕ್ಸೆಟರ್ ಊರಿನ ದೊಡ್ಡ ಇಗರ್ಜಿಯಲ್ಲಿ, ಖಗೋಳ ಗಡಿಯಾರದ ಕೆಳಗಿನ ಬಾಗಿಲ ಬುಡದಲ್ಲಿ, ಈಗಲೂ ಒಂದು ದುಂಡನೆಯ ತೂತಿದೆ. ಗಡಿಯಾರದ ಹಗ್ಗಗಳಿಗೆ ಬಳಿದ ಕೊಬ್ಬಿನ ಆಸೆಗೆ ಇಲಿಗಳು ಮುತ್ತುತ್ತಿದ್ದವು. ಇಲಿಗೆ ಬೆಕ್ಕು ಬೇಕು, ಬೆಕ್ಕಿಗೆ ದಾರಿ ಬೇಕು. 1598ರಲ್ಲಿ ಬಿಷಪ್ ವಿಲಿಯಂ ಕಾಟನ್ ಬಡಗಿಗಳಿಗೆ ಎಂಟು ಪೆನ್ನಿ ಕೊಟ್ಟು ಅದನ್ನು ಕೊರೆಸಿದ್ದು ಲೆಕ್ಕದ ಪುಸ್ತಕದಲ್ಲಿದೆ. ಅದಕ್ಕಿಂತ ಮೊದಲು, 1305ರಿಂದ 1467ರವರೆಗೆ, ಅಲ್ಲಿನ ಬೆಕ್ಕಿನ ಬಾಬ್ತು ಮೂರು ತಿಂಗಳಿಗೆ ಹದಿಮೂರು ಪೆನ್ನಿ ಖರ್ಚು ಬೀಳುತ್ತಿತ್ತಂತೆ. ಇದನ್ನು ಇವರು ಗಟ್ಟಿಯಾಗಿ ಓದಿ ಹೇಳಿದಾಗ ಅತ್ತೆ ಮೊದಲ ಬಾರಿಗೆ ಆಸಕ್ತಿ ತೋರಿಸಿದರು. "ಸಂಬಳಾನಾ? ಅಲ್ಲಿಗೆ ಅದೂ ಸರ್ಕಾರಿ ನೌಕರೀನೇ" ಎಂದು ಶಾನುಭೋಗರ ಕಡೆ ತಿರುಗಿ ನೋಡಿದರು.

ಕಿಂಡಿಯ ವಿಚಾರದಲ್ಲಿ ಕನ್ನಡನಾಡಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಉಡುಪಿಯಲ್ಲಿ ಕನಕನ ಕಿಂಡಿ, ಚಿತ್ರದುರ್ಗದಲ್ಲಿ ಒನಕೆ ಓಬವ್ವನ ಕಿಂಡಿ. ಒಂದರಲ್ಲಿ ಒಳಗಿನ ದೇವರೇ ಹೊರಗಿನವನ ಕಡೆ ತಿರುಗಿದ. ಇನ್ನೊಂದರಲ್ಲಿ ತೂರಿ ಬಂದ ಹೈದರಾಲಿಯ ಸೈನಿಕರ ತಲೆ ಒಂದೊಂದಾಗಿ ಒಡೆಯಿತು. ಗೋಡೆಯಲ್ಲಿ ತೂತು ಎಂದ ಕೂಡಲೇ ನಮ್ಮ ಜನ ಈ ಎರಡರಲ್ಲಿ ಯಾವುದನ್ನು ನೆನೆಯುತ್ತಾರೆ ಎಂಬುದರ ಮೇಲೆ ಅವರ ಸ್ವಭಾವ ತಿಳಿದುಬಿಡುತ್ತದೆ. ನಮ್ಮ ಬೀದಿಯಲ್ಲಿ ಓಬವ್ವನ ಪಕ್ಷದವರೇ ಹೆಚ್ಚು.

ಸುದ್ದಿ ಹಬ್ಬಿದ್ದೇ ತಡ, ಆ ತೂತಿನಿಂದ ಬೆಕ್ಕನ್ನು ಬಿಟ್ಟು ಇನ್ನು ಯಾರು ಯಾರು ಬರಬಹುದು ಎಂಬ ಚರ್ಚೆ ಶುರುವಾಯಿತು. ನನ್ನ ಮನಸ್ಸಿಗೆ ಬಂದದ್ದು ಸೊಳ್ಳೆ. 2024ರಲ್ಲಿ ಡೆಂಗಿಯನ್ನು ಸರ್ಕಾರವೇ ಸಾಂಕ್ರಾಮಿಕ ರೋಗವೆಂದು ಸಾರಿದ ರಾಜ್ಯ ನಮ್ಮದು. ಅದನ್ನು ಹರಡುವ ಸೊಳ್ಳೆ ಹಗಲಲ್ಲೇ ಕಚ್ಚುವಂಥದ್ದು. ಅತ್ತೆಗೆ ಹಾವು. ಪಕ್ಕದ ಮನೆಯವರಿಗೆ ಹೆಗ್ಗಣ; ಅವರ ಸಂಪಿನ ಪಕ್ಕದಲ್ಲೇ ಬಿಲ ತೋಡಿದ ಹೆಗ್ಗಣವನ್ನು ಎದುರಿಸಲು ಶಾನುಭೋಗರೇ ಹಿಂದೇಟು ಹಾಕಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ತುರಹಳ್ಳಿ ಕಾಡಿನ ಮಗ್ಗುಲಲ್ಲಿ ಮನೆ ಮಾಡಿರುವ ಭಾವ ಫೋನಿನಲ್ಲೇ "ಕೋತಿ, ಕೋತಿ" ಎಂದರು. ಅವರ ಮನೆಯಲ್ಲಿ ಕೋತಿಯೊಂದು ಕಿಟಕಿಯಿಂದ ಕೈ ತೂರಿಸಿ ಫ್ರಿಜ್ಜಿನ ಮೇಲಿನ ಬಾಳೆಗೊನೆ ಎಳೆದುಕೊಂಡ ಕಥೆ ನೆಂಟರಿಗೆಲ್ಲ ಬಾಯಿಪಾಠ. ಮಹಡಿಯ ಬಾಡಿಗೆಯವರು ಪುನುಗು ಬೆಕ್ಕಿನ ಹೆಸರೆತ್ತಿದರು. ಬಸವನಗುಡಿ, ಜಯನಗರದ ಹಳೇ ಮರಗಳಲ್ಲಿ ಹಗಲೆಲ್ಲ ಮಲಗಿದ್ದು ರಾತ್ರಿ ತಾರಸಿಯ ಮೇಲೆ ಓಡಾಡುವ ಪ್ರಾಣಿ ಅದು. ಅದಕ್ಕೆ ಹಣ್ಣು ಬೇಕು, ಅಟ್ಟ ಬೇಕು. ಬೆಕ್ಕಿನ ತಟ್ಟೆಯಲ್ಲಿ ಉಳಿದದ್ದು ಸಿಕ್ಕರೆ ಅದನ್ನೂ ಬಿಡುವುದಿಲ್ಲ. ಇವರಿಗೆ ಮಾತ್ರ ಕಳ್ಳ.

ಇಷ್ಟು ಜನರ ಭಯವನ್ನು ತಡೆದುಕೊಂಡು ಒಂದೇ ಒಂದು ಬೆಕ್ಕನ್ನು ಮಾತ್ರ ಒಳಗೆ ಬಿಡುವ ಬಾಗಿಲು ಬೇಕು ಎಂದಾದ ಮೇಲೆ, ಅದನ್ನು ಯಾವ ಬಾಗಿಲಿಗೆ ಹಾಕುವುದು ಎಂಬ ಮಾತು ಬಂತು.

ಮುಂಬಾಗಿಲಿನ ವಿಚಾರ ಎತ್ತಲೂ ಆಗುವುದಿಲ್ಲ. ದಾಂಡೇಲಿಯಿಂದ ತರಿಸಿದ ತೇಗ ಎಂದು ಮಾವ ಸಾಯುವವರೆಗೂ ಹೇಳಿಕೊಳ್ಳುತ್ತಿದ್ದ ಬಾಗಿಲು ಅದು. ಹೊಸ್ತಿಲಿಗೆ ಅರಿಸಿನ ಕುಂಕುಮ, ಮೇಲೆ ಮಾವಿನ ತೋರಣ, ಮುಂದೆ ರಂಗೋಲಿ. ಲಕ್ಷ್ಮಿ ಬರುವ ದಾರಿಗೆ ಬೆಕ್ಕಿನ ಬುಡತೂತು ಮಾಡಿಸಿದ ಮನೆಯನ್ನು ದಕ್ಷಿಣ ಬೆಂಗಳೂರಿನಲ್ಲಿ ನಾನಂತೂ ನೋಡಿಲ್ಲ. ಕಿಟಕಿಯ ಮೆಶ್ಶಿನ ಒಂದು ಮೂಲೆ ಬಿಡಿಸಿ ಸುಮ್ಮನಾಗುವುದು ಬಹಳ ಮನೆಗಳಲ್ಲಿ ನಡೆಯುವ ಪದ್ಧತಿ, ಖರ್ಚೂ ಇಲ್ಲ. ಆದರೆ ಆ ಮೂಲೆ ಬೆಕ್ಕಿಗೆ ಎಷ್ಟು ತೆರೆದಿದೆಯೋ ಮೇಲೆ ಹೇಳಿದ ಪಟ್ಟಿಯಲ್ಲಿರುವ ಎಲ್ಲರಿಗೂ ಅಷ್ಟೇ ತೆರೆದಿದೆ.

ಬೇರೆಯವರ ಮನೆಗಳನ್ನೂ ನೋಡಿ ಬಂದೆವು. ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿರುವ ನನ್ನ ತಂಗಿ ಬಾಲ್ಕನಿಗೆ ಪಾರಿವಾಳದ ಬಲೆ ಹಾಕಿಸಿ, ಬಾಲ್ಕನಿಯ ಬಾಗಿಲಿಗೆ ಕಿಂಡಿ ಮಾಡಿಸಿದ್ದಾಳೆ. ಬೆಕ್ಕು ಬಿಸಿಲು ಕಾಯಿಸಲು ಹೋಗುತ್ತದೆ, ಮಣ್ಣಿನ ಟ್ರೇಯೂ ಅಲ್ಲೇ, ಏಳನೇ ಮಹಡಿಯಿಂದ ಬೀಳುವ ಭಯವಿಲ್ಲ. ಅವಳ ಅಸೋಸಿಯೇಷನ್ನಿನವರು ಸಾಕುಪ್ರಾಣಿ ಇಟ್ಟುಕೊಳ್ಳಬಾರದೆಂದು ಒಮ್ಮೆ ನೋಟಿಸು ಹಚ್ಚಿದ್ದರು; ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರತಿಯನ್ನು ಅವಳು ಅದರ ಪಕ್ಕದಲ್ಲೇ ಹಚ್ಚಿದಳು. ಹಾಗೆ ನಿಷೇಧಿಸುವ ಅಧಿಕಾರ ಅಸೋಸಿಯೇಷನ್ನಿಗಿಲ್ಲ ಎಂದು ಅದರಲ್ಲಿದೆ. ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗಿರುವ ಮಗಳ ಗೆಳತಿಯ ಕಷ್ಟ ಬೇರೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸು ಓನರ್ ಕೈಯಲ್ಲಿರುವಾಗ ಅವರ ಬಾಗಿಲಿಗೆ ಗರಗಸ ಹಾಕುವ ಧೈರ್ಯ ಯಾರಿಗಿದೆ? ಅವಳು ಜಾರುವ ಕಿಟಕಿಯ ಒಂದು ಪಕ್ಕವನ್ನು ಸರಿಸಿ, ಆ ಸಂದಿಗೆ ಸರಿಯಾಗಿ ಅಕ್ರಿಲಿಕ್ ಹಾಳೆ ಕತ್ತರಿಸಿ ಕೂರಿಸಿ, ಅದರಲ್ಲಿ ಕಿಂಡಿ ಮಾಡಿಕೊಂಡಿದ್ದಾಳೆ. ಮನೆ ಖಾಲಿ ಮಾಡುವ ದಿನ ಹಾಳೆಯನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು. ನಾನು ನೋಡಿದ್ದರಲ್ಲೆಲ್ಲ ಜಾಣತನದ ಬಾಗಿಲು ಅದೇ.

ನಮ್ಮ ಮನೆಗೆ ಕೊನೆಗೆ ಉಳಿದದ್ದು ಹಿತ್ತಲ ಬಾಗಿಲು. ಮೇಲೆ ಸಜ್ಜಾ ಇದೆ, ಮಳೆ ನೇರ ಹೊಡೆಯುವುದಿಲ್ಲ. ಹೊರಗೆ ನಾಲ್ಕಡಿ ಜಾಗ, ಕರಿಬೇವಿನ ಗಿಡ, ಬಟ್ಟೆ ಒಗೆಯುವ ಕಲ್ಲು.

ಕೊಳ್ಳುವ ಮುಂಚೆ ಅಳತೆ. ಅತ್ತೆಯ ರವಿಕೆ ಅಳೆಯುವ ಟೇಪು ಹಿಡಿದು ಮಗಳು ಕೂತಳು, ಶಾನುಭೋಗರನ್ನು ನಾನು ಹಿಡಿದೆ. ಬೇಕಾದ ಅಳತೆ ಎರಡೇ: ಮೈಯ ಅತಿ ಅಗಲದ ಕಡೆ ಎಷ್ಟು, ನೆಲದಿಂದ ಹೊಟ್ಟೆಗೆ ಎಷ್ಟು. ಅಗಲಕ್ಕಿಂತ ನಾಲ್ಕೈದು ಸೆಂಟಿಮೀಟರು ಹೆಚ್ಚು ಬಿಟ್ಟರೆ ಸಾಕು. ಬೆಕ್ಕಿನ ಕತ್ತಿನ ಕೆಳಗಿನ ಎಲುಬು ನಮ್ಮದರಂತೆ ಭುಜಕ್ಕೆ ಬಿಗಿದುಕೊಂಡಿಲ್ಲ, ಮಾಂಸದಲ್ಲಿ ತೇಲಿಕೊಂಡಿದೆ. ತಲೆ ತೂರಿದ ಕಡೆ ಮಿಕ್ಕದ್ದೂ ತೂರುತ್ತದೆ. ಕಿಂಡಿಯ ಕೆಳ ಅಂಚು ಹೊಟ್ಟೆಯ ಮಟ್ಟಕ್ಕೆ ಬರಬೇಕು, ಆಗ ಅದು ಹಾರದೆ ತೆವಳದೆ ದಾಟುತ್ತದೆ. ಸಾಮಾನ್ಯ ಬೆಕ್ಕಿಗೆ ನೆಲದಿಂದ ಹದಿನೈದು ಸೆಂಟಿಮೀಟರು. ಶಾನುಭೋಗರ ಹೊಟ್ಟೆ ಕೆಳಗೆ ಸ್ವಲ್ಪ ಜೋತಿರುವುದರಿಂದ ನಾವು ಒಂದೆರಡು ಕಳೆದೆವು.

ನಮಗೆ ಸಾಮಾನು ತೋರಿಸಿದ ಜಯನಗರದ ಅಂಗಡಿಯವನು ತುಂಬ ತಾಳ್ಮೆಯವನು. ಎಲ್ಲಕ್ಕಿಂತ ಸರಳವಾದದ್ದು ಮೇಲಿನಿಂದ ತೂಗುವ ಪಾರದರ್ಶಕ ರೆಕ್ಕೆ, ತಳ್ಳಿದರೆ ಎರಡೂ ಕಡೆ ಆಡುತ್ತದೆ, ಬಿಟ್ಟರೆ ಅಂಚಿನ ಸಣ್ಣ ಮ್ಯಾಗ್ನೆಟ್ಟು ಹಿಡಿದು ತಾನೇ ಮುಚ್ಚಿಕೊಳ್ಳುತ್ತದೆ. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ನಾಲ್ಕು ಥರ ಬೀಗವಿರುವುದು: ಎರಡೂ ಕಡೆ ಓಡಾಟ, ಒಳಗೆ ಮಾತ್ರ, ಹೊರಗೆ ಮಾತ್ರ, ಪೂರ್ತಿ ಬಂದ್. ಅದರ ಮೇಲೆ ಮ್ಯಾಗ್ನೆಟ್ ಬೆಲ್ಟಿನದು: ಬೆಕ್ಕಿನ ಕತ್ತಿನ ಪಟ್ಟಿಯಲ್ಲೊಂದು ಚಿಕ್ಕ ಅಯಸ್ಕಾಂತ, ಅದು ಹತ್ತಿರ ಬಂದಾಗ ಮಾತ್ರ ಒಳಗಿನ ಕೊಕ್ಕೆ ಮೇಲೇಳುತ್ತದೆ. ತುತ್ತತುದಿಗೆ, ಹೊರದೇಶದಿಂದ ಬರುವ ಮೈಕ್ರೋಚಿಪ್ಪಿನ ಬಾಗಿಲು, ಅದರ ಬೆಲೆ ಕೇಳಿ ಇವರು ಬೆಕ್ಕಿನ ಮುಖವನ್ನೊಮ್ಮೆ ಫೋಟೋದಲ್ಲಿ ನೋಡಿಕೊಂಡರು. ಪಾರದರ್ಶಕ ಯಾಕೆ ಎಂದು ನಾನು ಕೇಳಿದ್ದಕ್ಕೆ, "ಆಚೆ ಯಾರಿದಾರೆ ಅಂತ ನೋಡದೆ ಬೆಕ್ಕು ತಲೆ ಹಾಕಲ್ಲ ಮೇಡಂ" ಎಂದ. ಮನುಷ್ಯರ ಬಾಗಿಲಿಗೂ ಅದಕ್ಕೇ ಅಲ್ಲವೇ ಮಸೂರದ ಕಣ್ಣು ಇಡುವುದು! ನಾವು ಬೆಲ್ಟಿನದನ್ನು ತೆಗೆದುಕೊಂಡೆವು. ನಾಲ್ಕು ಥರದ ಬೀಗವೂ ಅದರಲ್ಲೇ ಇತ್ತು. ಬೆಲ್ಟು ಎಲ್ಲಿಯಾದರೂ ಕೊಂಬೆಗೆ ಸಿಕ್ಕಿಕೊಂಡರೆ ಎಳೆದ ಕೂಡಲೇ ಬಿಚ್ಚಿಕೊಳ್ಳುವಂಥದ್ದೇ ಬೇಕು ಎಂಬ ಒಂದು ಮಾತಿನಲ್ಲಿ ಮಾತ್ರ ನಾನು ಚೌಕಾಸಿಗೆ ಒಪ್ಪಲಿಲ್ಲ.

ಆಚಾರಿಯನ್ನು ಶುಕ್ರವಾರ ಬರಹೇಳಿದ್ದೆವು. ಅವರು ಬಂದದ್ದು ಹತ್ತೂಮುಕ್ಕಾಲಿಗೆ. ಉಪಕರಣದ ಚೀಲ ಇಳಿಸಿ, ಗಡಿಯಾರ ನೋಡಿ, "ರಾಹುಕಾಲ ಶುರುವಾಯ್ತಲ್ಲಮ್ಮಾ, ಬಾಗಿಲಿಗೆ ಕೈ ಹಾಕೋದು ಹನ್ನೆರಡರ ಮೇಲೆ ನೋಡೋಣ" ಎಂದು ಜಗುಲಿಯಲ್ಲಿ ಕೂತರು. ಅತ್ತೆ ಒಳಗಿನಿಂದ ಬಂದರು. "ನೀವು ಯಾವ ಬಡಾವಣೇಲಿ ಕೆಲಸ ಮಾಡ್ತಿದೀರಿ ಆಚಾರ್ರೇ? ನಮ್ಮ ಬನಶಂಕರಮ್ಮನಿಗೆ ಪೂಜೆ ಆಗೋದೇ ರಾಹುಕಾಲದಲ್ಲಿ. ಇಷ್ಟು ಹೊತ್ತಿಗೆ ಅಲ್ಲಿ ಎಷ್ಟು ಜನ ನಿಂಬೆಹಣ್ಣಿನ ದೀಪ ಹಚ್ಚಿ ನಿಂತಿರ್ತಾರೆ ಗೊತ್ತಾ? ಅಮ್ಮನಿಗೆ ಆಗೋ ಹೊತ್ತು ಬೆಕ್ಕಿಗೆ ಆಗಲ್ವಾ?" ಆಚಾರಿ ಎದ್ದು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು.

ಮೊದಲು ಬಾಗಿಲನ್ನು ಬೆರಳ ಗೆಣ್ಣಿನಿಂದ ಮೇಲಿನಿಂದ ಕೆಳಗಿನವರೆಗೆ ಬಡಿದು ಕೇಳಿದರು. ಫ್ಲಶ್ ಡೋರಿನ ಸುತ್ತ ಗಟ್ಟಿ ಮರದ ಚೌಕಟ್ಟಿರುತ್ತದೆ, ನಡುವೆ ಮರದ ಪಟ್ಟಿಗಳನ್ನು ಅಂಟಿಸಿ ತುಂಬಿರುತ್ತಾರೆ. ಅಗ್ಗದ್ದಾದರೆ ನಡುವೆ ಬರೀ ಟೊಳ್ಳು. ನಮ್ಮದು ತುಂಬಿದ್ದು ಎಂದು ಗೊತ್ತಾಗಿ ಅವರ ಮುಖ ಅರಳಿತು. ಟೊಳ್ಳಾಗಿದ್ದರೆ ಕಿಂಡಿಯ ನಾಲ್ಕೂ ಪಕ್ಕಕ್ಕೆ ಒಳಗಿನಿಂದ ರೀಪು ಕೊಟ್ಟು ಪೆಟ್ಟಿಗೆ ಕಟ್ಟಬೇಕು, ಇಲ್ಲವಾದರೆ ಸ್ಕ್ರೂ ಬಿಗಿದ ಕೂಡಲೇ ಬಾಗಿಲು ಒಳಕ್ಕೆ ಕುಸಿಯುತ್ತದೆ. ಕೆಳಗಿನ ಚೌಕಟ್ಟಿನ ಪಟ್ಟಿಗೆ ಮಾತ್ರ ಗರಗಸ ತಾಗಬಾರದು ಎಂದರು. ಬಾಗಿಲು ನೆಟ್ಟಗಿರುವುದೇ ಅದರಿಂದ. "ಬಾಗಿಲಿಗೆ ತೂತು ಬೀಳದ ಹಾಗೆ ನೋಡ್ಕೊಳ್ಳೋದು ನಮ್ ಕೆಲಸ. ತೂತು ಮಾಡಿ ಅಂತ ಕರೆದವರು ನೀವೇ ಮೊದಲು" ಎನ್ನುತ್ತಲೇ ಕಾಗದದ ಅಚ್ಚನ್ನು ಬಾಗಿಲಿಗೆ ಹಚ್ಚಿ, ರಸಮಟ್ಟ ಇಟ್ಟು ನೋಡಿ, ಗೆರೆ ಎಳೆದರು. ಗೆರೆಯ ಮೇಲೆ ಬಣ್ಣದವರ ಕಾಗದದ ಟೇಪು, ಲ್ಯಾಮಿನೇಟಿನ ಅಂಚು ಸಿಗಿಯದಿರಲು. ನಾಲ್ಕು ಮೂಲೆಗೆ ಡ್ರಿಲ್ಲಿನಿಂದ ನಾಲ್ಕು ರಂಧ್ರ, ಆಮೇಲೆ ಅವುಗಳಲ್ಲಿ ಜಿಗ್‌ಸಾ ಇಳಿಸಿ ಮೂಲೆಯಿಂದ ಮೂಲೆಗೆ. ಚೌಕ ತುಂಡು ಕಳಚಿ ಬಿದ್ದಾಗ ಹಿತ್ತಲ ಬೆಳಕು ನೆಲದ ಮೇಲೆ ಚೌಕವಾಗಿ ಬಿತ್ತು. ಅಷ್ಟರಲ್ಲಿ ಶಾನುಭೋಗರು ಜಿಗ್‌ಸಾದ ಸದ್ದಿಗೆ ಹೆದರಿ ಪಕ್ಕದವರ ತಾರಸಿ ಸೇರಿಯಾಗಿತ್ತು.

ಸ್ಕ್ರೂ ಬಿಗಿಯುವ ಮುಂಚೆ ಆಚಾರಿ ಕತ್ತರಿಸಿದ ಅಂಚಿಗೆಲ್ಲ ಪ್ರೈಮರ್ ಬಳಿದರು. ನಾನು ಕೇಳಿರಲಿಲ್ಲ, ಅವರೇ ಮಾಡಿದ್ದು. "ಮರದ ಹೊಟ್ಟೆ ತೆರೆದಿದೀವಿ, ನೀರು ಕುಡಿದ್ರೆ ಒಂದೇ ಮಳೆಗಾಲಕ್ಕೆ ಉಬ್ಬುತ್ತೆ" ಎಂದರು. ಪೆಟ್ಟಿಗೆಯ ಜೊತೆ ಬಂದ ಸೂಚನೆಯ ಹಾಳೆಯಲ್ಲಿ ಈ ಮಾತಿರಲಿಲ್ಲ. ಅದನ್ನು ಬರೆದವರಿಗೆ ಬೆಂಗಳೂರಿನ ಅಕ್ಟೋಬರ್ ಮಳೆ ಗೊತ್ತಿಲ್ಲ.

ಇನ್ನು ಇವರ ಕಳ್ಳ. ಕಿಂಡಿಯೊಳಗೆ ಕೈ ತೂರಿಸಿದವನಿಗೆ ಚಿಲಕ ಸಿಗುತ್ತದೆಯೇ ಎಂದು ಪರೀಕ್ಷೆ ಮಾಡಲೇಬೇಕು ಎಂದರು. ಮಾತು ಸರಿಯಾದದ್ದೇ, ಯಾರಾದರೂ ನೋಡಬೇಕಾದದ್ದೇ. ಆದರೆ ಪರೀಕ್ಷೆಗೆ ಅವರೇ ಹಿತ್ತಲಿಗೆ ಹೋಗಿ, ಒಗೆಯುವ ಕಲ್ಲಿನ ಪಕ್ಕ ಅಂಗಾತ ಮಲಗಿ, ಭುಜದವರೆಗೆ ಕೈ ಒಳಗೆ ತೂರಿಸಿ ತಡಕಾಡಬೇಕಾಗಿರಲಿಲ್ಲ. ಒಳಗೆ ನಾನು ನೋಡುತ್ತಿದ್ದೆ: ಕೈ ಬಾಗಿಲಿನ ಮೇಲೆ ಹತ್ತಿ ಹತ್ತಿ ಕೆಳಗಿನ ಟವರ್ ಬೋಲ್ಟನ್ನು ಮುಟ್ಟಿಯೇಬಿಟ್ಟಿತು. "ಸಿಕ್ತು, ಸಿಕ್ತು" ಎಂದು ಕಳ್ಳ ಹೊರಗಿನಿಂದ ಕೂಗಿದ. ಕಾಂಪೌಂಡಿನಾಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯಾಕೆ, "ಏನ್ರೀ, ಸಾರ್ ಬೀಗದ ಕೈ ಕಳ್ಕೊಂಡ್ರಾ?" ಎಂದು ನನ್ನನ್ನು ವಿಚಾರಿಸಿದರು. ಆಚಾರಿ ಆ ಬೋಲ್ಟನ್ನು ಕಿತ್ತು ಎದೆಯ ಮಟ್ಟಕ್ಕೆ ಹಾಕಿಕೊಟ್ಟರು, ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ.

ಉಳಿದದ್ದು ಹೊರಗಿನ ಎತ್ತರ. ಒಳನೆಲಕ್ಕಿಂತ ಹಿತ್ತಲು ಒಂದು ಮೆಟ್ಟಿಲು ತಗ್ಗು. ಒಳಗಿನಿಂದ ಹೊಟ್ಟೆಯ ಮಟ್ಟಕ್ಕಿದ್ದ ಕಿಂಡಿ ಹೊರಗಿನಿಂದ ಅದರ ತಲೆಗಿಂತ ಮೇಲಾಯಿತು. ರಿಪೇರಿಯಲ್ಲಿ ಅಡುಗೆಮನೆಯಿಂದ ಹೊರಬಿದ್ದ ಒರಳುಕಲ್ಲು ಕರಿಬೇವಿನ ಬುಡದಲ್ಲಿ ಮಳೆನೀರು ತುಂಬಿಸಿಕೊಂಡು ಕೂತಿತ್ತು. ಅದನ್ನು ಮಗುಚಿ ಉರುಳಿಸಿಕೊಂಡು ಬಂದು ಬಾಗಿಲ ಬುಡಕ್ಕೆ ಇಟ್ಟೆವು. ನಿಂತ ನೀರೂ ಹೋಯಿತು, ಮೆಟ್ಟಿಲೂ ಆಯಿತು. ತಮ್ಮ ಮದುವೆಯ ಕಾಲದ ಒರಳಿನ ಮೇಲೆ ಬೆಕ್ಕು ಕಾಲಿಡುವುದಕ್ಕೆ ಅತ್ತೆ ಏನೆನ್ನುತ್ತಾರೋ ಎಂದು ನನಗೆ ಅಳುಕಿತ್ತು. "ಮಿಕ್ಸಿ ಬಂದಾಗಿಂದ ಅದಕ್ಕೂ ಕೆಲಸ ಇರ್ಲಿಲ್ಲ" ಎಂದರು.

ಕಲಿಸುವುದು ನಾವಂದುಕೊಂಡಷ್ಟು ಸುಲಭವಾಗಲಿಲ್ಲ. ಬೆಕ್ಕನ್ನು ಹಿಡಿದು ಕಿಂಡಿಯಲ್ಲಿ ನೂಕಿದರೆ ಅದು ಜನ್ಮದಲ್ಲಿ ಆ ಕಡೆ ತಿರುಗಿ ನೋಡುವುದಿಲ್ಲ. ಮೊದಲು ರೆಕ್ಕೆಯನ್ನು ಮೇಲೆತ್ತಿ ಬಟ್ಟೆಯ ಕ್ಲಿಪ್ಪು ಹಾಕಿ, ಬರೀ ತೂತನ್ನಷ್ಟೇ ಬಿಡಬೇಕು; ಅದರಲ್ಲಿ ಓಡಾಡಿ ರೂಢಿಯಾದ ಮೇಲೆ ರೆಕ್ಕೆಯನ್ನು ದಿನಕ್ಕಿಷ್ಟು ಇಳಿಸುತ್ತ ಬರಬೇಕು. ಅತ್ತೆ ಆಚೆ ಕಡೆಯಿಂದ ಮೊಸರನ್ನದ ಬಟ್ಟಲು ಹಿಡಿದು ಒರಳಿನ ಪಕ್ಕ ಮಣೆ ಹಾಕಿಕೊಂಡು ಕೂರುತ್ತಿದ್ದರು. ಶಾನುಭೋಗರು ಈಚೆಯಿಂದ ಕಿಂಡಿಯ ಮೂಲಕ ಮೊಸರನ್ನವನ್ನೂ ಅತ್ತೆಯನ್ನೂ ನೋಡಿ, ನಡೆದುಕೊಂಡು ಹೋಗಿ ಮುಂಬಾಗಿಲಲ್ಲಿ ನಿಂತು ಕೂಗಿ, ಇವರಿಂದ ಬಾಗಿಲು ತೆಗೆಸಿಕೊಂಡು, ಮನೆ ಸುತ್ತಿಕೊಂಡು ಹಿತ್ತಲಿಗೆ ಬಂದು ಮೊಸರನ್ನ ತಿನ್ನುತ್ತಿದ್ದರು. ದಾರಿ ಗೊತ್ತಿಲ್ಲದ್ದಲ್ಲ, ದರ್ಜೆಯ ಪ್ರಶ್ನೆ. ಊರಿಗೆ ಹೋಗುವುದಿತ್ತೆಂದು ಇವರು ಎರಡು ದಿನ ಮನೆಯಲ್ಲಿರಲಿಲ್ಲ. ಬಾಗಿಲು ತೆಗೆಯುವ ಆಳು ಇಲ್ಲವೆಂದು ಖಾತ್ರಿಯಾದ ಮೇಲೆ ಬೆಕ್ಕು ಸಲೀಸಾಗಿ ರೆಕ್ಕೆ ತಳ್ಳಿಕೊಂಡು ಓಡಾಡಿತು.

ಈಗ ಸಂಜೆ ದೀಪ ಹಚ್ಚುವ ಹೊತ್ತಿಗೆ ಬೀಗವನ್ನು 'ಒಳಗೆ ಮಾತ್ರ'ಕ್ಕೆ ತಿರುಗಿಸುತ್ತೇವೆ. ಬಂದವರು ಬೆಳಗಿನವರೆಗೆ ಹೊರಗೆ ಹೋಗುವಂತಿಲ್ಲ. ರಾತ್ರಿಯ ಕಾರು, ಬೀದಿನಾಯಿ, ಗಂಡುಬೆಕ್ಕುಗಳ ಜಗಳ ಎಲ್ಲವೂ ಅದರಿಂದ ತಪ್ಪುತ್ತದೆ. ಬೆಕ್ಕನ್ನು ಹೊರಗೇ ಬಿಡಬಾರದು ಎನ್ನುವ ಡಾಕ್ಟರುಗಳೂ ಇದ್ದಾರೆ, ಅವರ ಮಾತಿನಲ್ಲಿ ನ್ಯಾಯವಿದೆ. ಮನೆ ಮುಖ್ಯರಸ್ತೆಯಲ್ಲಿದ್ದಿದ್ದರೆ ನಾನೂ ತಂಗಿಯ ಬಲೆಯ ಬಾಲ್ಕನಿಯನ್ನೇ ನೆಚ್ಚಿಕೊಳ್ಳುತ್ತಿದ್ದೆ. ನಮ್ಮದು ಕೊನೆ ಮುಚ್ಚಿದ ಅಡ್ಡರಸ್ತೆ, ಬೆಕ್ಕಿಗೆ ಮಕ್ಕಳಾಗದ ಆಪರೇಷನ್ನೂ ಆಗಿದೆ, ವರ್ಷ ವರ್ಷ ರೇಬೀಸ್ ಚುಚ್ಚುಮದ್ದೂ ಆಗುತ್ತದೆ. ಇಷ್ಟು ಮಾಡಿಸದೆ ಬಾಗಿಲು ಮಾತ್ರ ಮಾಡಿಸುವವರು ಮೊದಲು ದುಡ್ಡನ್ನು ಅತ್ತ ಖರ್ಚು ಮಾಡುವುದು ಒಳ್ಳೆಯದು. ಹೆದರಿದವರ ಪಟ್ಟಿಯಲ್ಲಿ ಹಾವು, ಹೆಗ್ಗಣ, ಕೋತಿ, ಪುನುಗು ಯಾರೂ ಬರಲಿಲ್ಲ. ಸೊಳ್ಳೆ ಬರುತ್ತದೆ, ಆದರೆ ಅದು ಜನ ಮುಂಬಾಗಿಲು ತೆರೆದಿಟ್ಟುಕೊಂಡು ಮಾತಾಡುವಾಗ ಬರುತ್ತದೆ.

ಬೆಲ್ಟಿನ ಅಯಸ್ಕಾಂತದ ಕಥೆ ಬೇರೆ. ಅದು ಕಿಂಡಿಯನ್ನು ತೆರೆಯುವುದರ ಜೊತೆಗೆ ದಾರಿಯಲ್ಲಿ ಸಿಕ್ಕ ಕಬ್ಬಿಣದ್ದನ್ನೆಲ್ಲ ಎತ್ತಿಕೊಂಡು ಬರುತ್ತದೆ. ತಲೆಪಿನ್ನು, ಸ್ಟೇಪ್ಲರ್ ಪಿನ್ನು, ಒಮ್ಮೆ ಪಕ್ಕದಲ್ಲಿ ಕಟ್ಟುತ್ತಿರುವ ಮನೆಯ ಬೈಂಡಿಂಗ್ ತಂತಿ. ನೀರು ಕುಡಿಯಲು ಬಗ್ಗಿದರೆ ಬಟ್ಟಲಿನ ಅಂಚಿಗೆ ಟಿಕ್ ಎಂದು ಅಂಟಿಕೊಳ್ಳುತ್ತದೆ. ಅತ್ತೆಯ ಕಿವಿ ನೆಟ್ಟಗಾದದ್ದು ಆ ಸದ್ದಿಗೆ. ಮ್ಯಾಗ್ನೆಟ್ ಹಿಡಿಯುವ ಸ್ಟೀಲು ಅಸಲಿ ಸ್ಟೀಲಲ್ಲ ಎಂಬುದು ಅವರ ಕಾಲದ ಪಾತ್ರೆ ಅಂಗಡಿಯ ಶಾಸ್ತ್ರ. ಅದರಲ್ಲಿ ಅರ್ಧ ನಿಜವಿದೆ: ನೂರಕ್ಕೆ ಹದಿನೆಂಟು ಪಾಲು ಕ್ರೋಮಿಯಂ, ಎಂಟು ಪಾಲು ನಿಕಲ್ ಇರುವ 304 ನಂಬರಿನ ಸ್ಟೀಲನ್ನು ಅಯಸ್ಕಾಂತ ಹೆಚ್ಚುಕಡಿಮೆ ಹಿಡಿಯುವುದಿಲ್ಲ, ನಿಕಲ್ ಇಲ್ಲದ 430 ನಂಬರಿನದನ್ನು ಹಿಡಿಯುತ್ತದೆ. ಒಂದು ಮಧ್ಯಾಹ್ನ ನಾನು ಮಲಗಿ ಎದ್ದು ಬರುವಷ್ಟರಲ್ಲಿ ಅತ್ತೆ ಶಾನುಭೋಗರ ಬೆಲ್ಟು ಬಿಚ್ಚಿಕೊಂಡು ಪಾತ್ರೆ ಗೂಡಿನ ಸಮೀಕ್ಷೆ ಮುಗಿಸಿದ್ದರು. ಅವರ ತವರಿನ ತಟ್ಟೆ ಲೋಟಗಳಲ್ಲಿ ಒಂದಕ್ಕೂ ಅಂಟಿರಲಿಲ್ಲ. ನನ್ನ ತವರಿನಿಂದ ಬಂದ ಎರಡು ಡಬರಿಗಳಿಗೆ ಗಟ್ಟಿಯಾಗಿ ಅಂಟಿತ್ತು. ಇಂಡಕ್ಷನ್ ಒಲೆಯ ಮೇಲೆ ಕಾಯುವುದು ಮ್ಯಾಗ್ನೆಟ್ ಹಿಡಿಯುವ ಪಾತ್ರೆ ಮಾತ್ರ ಎಂದು ನಾನು ಹೇಳಿದೆ. "ಅದಕ್ಕೇ ಹೇಳಿದ್ದು, ನಿಮ್ಮಮ್ಮ ದೂರದೃಷ್ಟಿಯವರು" ಎಂದರು.

ಈಗ ಹೊಸ ಸಮಸ್ಯೆ ತಲೆಯೆತ್ತಿದೆ. ಹಿಂದಿನ ಬೀದಿಯ ಕರಿ ಠೊಣಪನೊಬ್ಬ ಶಾನುಭೋಗರು ಒಳಬರುವ ಹೊತ್ತನ್ನೇ ಕಾದಿದ್ದು, ರೆಕ್ಕೆ ಮುಚ್ಚುವುದರೊಳಗೆ ಹಿಂದೆಯೇ ನುಗ್ಗಿ, ತಟ್ಟೆ ಖಾಲಿ ಮಾಡುವುದನ್ನು ಕಲಿತಿದ್ದಾನೆ. ಅವನಿಗೂ ಅವನ ಮನೆಯವರು ಮ್ಯಾಗ್ನೆಟ್ ಬೆಲ್ಟೇ ಕಟ್ಟಿರಬೇಕು ಎಂಬುದು ಇವರ ಅನುಮಾನ. ಅಯಸ್ಕಾಂತಕ್ಕೆ ನಮ್ಮವರು ತಮ್ಮವರು ಎಂಬ ಭೇದವಿಲ್ಲ, ಯಾವ ಮ್ಯಾಗ್ನೆಟ್ಟಿಗಾದರೂ ಕೊಕ್ಕೆ ಏಳುತ್ತದೆ. ಮಗಳಿಗೆ ಇಷ್ಟೇ ಸಾಕಾಯಿತು, ಮೈಕ್ರೋಚಿಪ್ಪಿನ ಬಾಗಿಲನ್ನು ಮತ್ತೆ ಎತ್ತಿಕೊಂಡಿದ್ದಾಳೆ. ಅಂಥದ್ದನ್ನು ತಯಾರಿಸಿದವರು ನಿಕ್ ಹಿಲ್ ಎಂಬ ಕೇಂಬ್ರಿಜ್‌ನ ಭೌತವಿಜ್ಞಾನಿ, ತಮ್ಮ ಮನೆಗೂ ಹೀಗೇ ಬೇರೆ ಬೆಕ್ಕುಗಳು ನುಗ್ಗುತ್ತಿದ್ದವೆಂದು. ನ್ಯೂಟನ್ನನ ಊರಿನಿಂದ ಕೊನೆಗೂ ಒಂದು ನಿಜವಾದ ಬೆಕ್ಕಿನ ಬಾಗಿಲು ಬಂದಿದೆ. ಅಕ್ಕಿಕಾಳಿನಷ್ಟು ದೊಡ್ಡ ಗಾಜಿನ ಗುಳಿಗೆಯನ್ನು ಸೂಜಿಯಿಂದ ಬೆಕ್ಕಿನ ಭುಜಗಳ ನಡುವೆ ಚರ್ಮದ ಕೆಳಗೆ ಇಡುತ್ತಾರೆ, ಅದಕ್ಕೆ ಬ್ಯಾಟರಿ ಬೇಡ, ಬಾಗಿಲೇ ಅದರಿಂದ ಹದಿನೈದು ಅಂಕಿಯ ನಂಬರನ್ನು ಓದಿಕೊಂಡು ಕೊಕ್ಕೆ ತೆಗೆಯುತ್ತದೆ. ಆ ನಂಬರು ಜಗತ್ತಿನಲ್ಲಿ ಇನ್ನೊಂದು ಬೆಕ್ಕಿಗಿರುವುದಿಲ್ಲ ಎಂದು ಅಜ್ಜಿಗೆ ಬಿಡಿಸಿ ಹೇಳಿದಳು.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. "ಅಲ್ವೇ, ಊರಿಗೆಲ್ಲ ಸರ್ವೆ ನಂಬರು ಬರೀತಿದ್ದೋರು ಶಾನುಭೋಗರು. ಈಗ ಶಾನುಭೋಗರಿಗೇ ಸರ್ವೆ ನಂಬರಾ?" ಎಂದರು. ಆಮೇಲೆ, ಹದಿನೈದು ಅಂಕಿ ಪಹಣಿಯಲ್ಲೂ ಬರುವುದಿಲ್ಲ ಎಂದು ಸೇರಿಸಿದರು. ಇವರು ಬೆಲೆಯನ್ನು ಇನ್ನೊಮ್ಮೆ ನೋಡಿ ದೀಪಾವಳಿ ಕಳೆಯಲಿ ಎಂದಿದ್ದಾರೆ. ಅಲ್ಲಿಯವರೆಗೆ ಎರಡು ತಟ್ಟೆ ಇಡುವುದೆಂದು ತೀರ್ಮಾನವಾಗಿದೆ. ಠೊಣಪನಿಗೆ ಅತ್ತೆ ಆಗಲೇ 'ಪಟೇಲ' ಎಂದು ಹೆಸರಿಟ್ಟಿದ್ದಾರೆ.